ಇಲಿಗಷ್ಟೇ ಗೊಂಬೆ ಸಾಕು

ಮಾನ್ಯ ಸಂಪಾದಕರೇ,

ಬೇಸಿಗೆ ಶಿಬಿರಗಳ ಸಮಾರೋಪಕ್ಕೆ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ಹಾಡು, ಗೊಂಬೆ ಎರಡನ್ನೂ ಕೂಡಿಸಿ ಆಡಿಸಹೊರಟಿರುವ ಶಿಕ್ಷಕರಿಗೆ, ತಂಡಗಳಿಗೆ ನಾಲ್ಕು ಮಾತು.

ಮೊದಲು ತೀರ್ಮಾನಿಸಬೇಕಾದದ್ದು ಯಾರು ಗೊಂಬೆ, ಯಾರು ಮನುಷ್ಯರು ಎಂಬುದನ್ನು. ಹುಮ್ಮಸ್ಸಿನಲ್ಲಿ ಗೌಡ, ಜೋಗಿ, ಇಲಿ, ಮಕ್ಕಳು ಎಲ್ಲರನ್ನೂ ಗೊಂಬೆ ಮಾಡಿಬಿಟ್ಟರೆ ಕಥೆ ಸಪ್ಪಗಾಗುತ್ತದೆ. ಇದರಲ್ಲಿ ಎರಡು ಮೆರವಣಿಗೆಗಳಿವೆ: ಇಲಿಗಳದ್ದು ಹೊಳೆಗೆ, ಮಕ್ಕಳದ್ದು ಬೆಟ್ಟಕ್ಕೆ. ಮೊದಲನೆಯದಕ್ಕೆ ಸಭೆ ನಕ್ಕು ಚಪ್ಪಾಳೆ ತಟ್ಟಬೇಕು. ಎರಡನೆಯದು ಅದೇ ದಾರಿ, ಅದೇ ಮಟ್ಟು. ನಡೆಯುವವರು ಮಾತ್ರ ನಿಜವಾದ ಮಕ್ಕಳು. ಎದುರು ಕೂತ ತಂದೆತಾಯಂದಿರಿಗೆ ಎದೆ ಝಲ್ಲೆನ್ನುವುದು ಆಗಲೇ. ಹಾಗಾಗಿ ಗೊಂಬೆ ಇಲಿಗಷ್ಟೇ ಇರಲಿ.

ಜೋಗಿಯ ಕೈಗೆ ಕೊಳಲು ಕೊಡುವುದು ಇನ್ನೊಂದು ತಪ್ಪು. ಕೊಳಲು ಈ ಕಥೆಗೆ ಮೂಲವಾದ, ರಾಬರ್ಟ್ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಕವಿತೆಯದು. ಅಲ್ಲಿನ ಊರು ಜರ್ಮನಿಯ ಹ್ಯಾಮೆಲಿನ್, ನದಿ ವೇಸರ್. ಕುವೆಂಪು ಕಥೆಯನ್ನು ತುಂಗೆಯ ದಡಕ್ಕೆ ತಂದಾಗ ಜೋಗಿಗೆ ಕಿಂದರಿ ಕೊಟ್ಟರು. ಕಿಂದರಿಯೆಂದರೆ ಕಿನ್ನರಿ, ಬುರುಡೆ ಕಟ್ಟಿದ ತಂತಿವಾದ್ಯ. ಇದು ಬರೀ ಪದದ ಜಗಳವಲ್ಲ. ಕೊಳಲು ಊದುವವನು ಹಾಡಲಾರ, ತಂತಿ ಮೀಟುವವನು ಹಾಡುತ್ತಲೇ ನಡೆಯಬಲ್ಲ. ಸಂಗೀತ ನಾಟಕಕ್ಕೆ ಇದಕ್ಕಿಂತ ಅನುಕೂಲ ಬೇಕೆ?

ಇಲಿಗಳನ್ನು ಎರಡು ಬಗೆಯಲ್ಲಿ ಮಾಡಿ. ಹಿಂಡಿಗೆ ಹಲಗೆ ಇಲಿ: 4 ಅಡಿ ಉದ್ದ, 1 ಇಂಚು ದಪ್ಪದ ರೀಪರ್ (ಮರದ ಪಟ್ಟಿ) ಮೇಲೆ ಏಳು ಏಳು ಇಂಚಿಗೊಂದು ತೂತು ಕೊರೆದು ಸೈಕಲ್ ಕಡ್ಡಿ ನಿಲ್ಲಿಸಿ, ಅದರ ತುದಿಗೆ ಫೋಮಿನ ಇಲಿ ಸಿಕ್ಕಿಸಬೇಕು. ಒಂದು ಹಲಗೆಗೆ ಇಬ್ಬರು ಮಕ್ಕಳು, ಮೂರು ಹಲಗೆಗೆ ಸುಮಾರು ಇಪ್ಪತ್ತು ಇಲಿ. ಕಡ್ಡಿ ತೆಳ್ಳಗಿರುವುದರಿಂದ ಹಲಗೆ ಅಲುಗಿದಂತೆ ಇಲಿಗಳೂ ತಾವಾಗಿ ಕುಣಿಯುತ್ತವೆ. ಆದರೆ ಕಡ್ಡಿಯ ಬುಡವನ್ನು ಬಗ್ಗಿಸಿ ಹಲಗೆಗೆ ತಂತಿಯಿಂದ ಬಿಗಿಯದಿದ್ದರೆ ಅದು ತೂತಿನೊಳಗೇ ತಿರುಗಿ, ಎರಡನೇ ಹಾಡಿನ ಹೊತ್ತಿಗೆ ಅರ್ಧ ಇಲಿಗಳು ಸಭೆಗೆ ಬೆನ್ನು ಹಾಕಿರುತ್ತವೆ. ಬಾಲ 5 ಇಂಚು ಮೀರಿದರೆ ಪಕ್ಕದ ಇಲಿಗೆ ಸುತ್ತಿಕೊಳ್ಳುತ್ತದೆ.

ಮಾತಾಡುವ ಇಲಿಗಳು ಎಂಟಿದ್ದರೆ ಸಾಕು, ಇವು ಕೈಗೊಂಬೆ. ಕೊನೆಯ ಸಾಲಿನವರಿಗೂ ಕಾಣಬೇಕಾದರೆ ತಲೆ ಒಂದು ಗೇಣಿಗಿಂತ ಚಿಕ್ಕದಿರಬಾರದು. ಹತ್ತು ವರ್ಷದ ಮಗುವಿನ ಕೈ ಸೋಲದಿರಲು ತೂಕ 250 ಗ್ರಾಂ ಮೀರಬಾರದು. ವಾರ್ನಿಷ್ ಬಳಿಯಬೇಡಿ, ದೀಪಕ್ಕೆ ಹೊಳೆದು ಕಣ್ಣು ಬಾಯಿ ಅಳಿಸಿಹೋಗುತ್ತವೆ. ದವಡೆಯ ಮಡಿಕೆಗೆ ಗಟ್ಟಿ ಬಟ್ಟೆ ಅಂಟಿಸಿ. ಸೆಲ್ಲೋಟೇಪ್ ಆಟದ ನಡುವೆ ಕಿತ್ತುಬರುತ್ತದೆ. ಬಾಯಿ ತೆರೆಯುವಾಗ ಹೆಬ್ಬೆರಳು ಕೆಳಗಿಳಿಯಬೇಕೇ ಹೊರತು ಮೇಲಿನ ನಾಲ್ಕು ಬೆರಳು ಏಳಬಾರದು, ಎದ್ದರೆ ಇಲಿ ಆಕಾಶ ನೋಡುತ್ತದೆ. ಅಕ್ಷರಕ್ಕೊಮ್ಮೆ ಬಾಯಿ ಬಡಿಯುವುದೂ ಬೇಡ, ತಾಳದ ಪೆಟ್ಟಿಗೊಮ್ಮೆ ತೆರೆದರೆ ಸಾಕು. ಕನ್ನಡದ ಮಾತು ಹೆಚ್ಚಾಗಿ ಸ್ವರದಲ್ಲೇ ಮುಗಿಯುವುದರಿಂದ ಹೊಸಬರು ಸಾಲಿನ ಕೊನೆಗೆ ಬಾಯಿ ಮುಚ್ಚಿಸಲು ಮರೆಯುತ್ತಾರೆ. ಅದನ್ನು ಬೇರೆಯಾಗಿಯೇ ಅಭ್ಯಾಸ ಮಾಡಿಸಬೇಕು.

ಮರೆಯ ಪರದೆ ಆಡಿಸುವವರಲ್ಲಿ ಅತಿ ಎತ್ತರದವರ ತಲೆಗಿಂತ 2 ಇಂಚು ಮೇಲಿರಲಿ. ಗಿಡ್ಡ ಮಕ್ಕಳನ್ನು ಗಟ್ಟಿ ಮಣೆಯ ಮೇಲೆ ನಿಲ್ಲಿಸಿ. ಶಾಲೆಯ ಜಗಲಿ 3 ಅಡಿ ಎತ್ತರವಿದ್ದು ಮುಂದಿನ ಸಾಲು ನೆಲದ ಮೇಲೆ ಕೂತಿದ್ದರೆ, ಇಲಿಗಳ ಮೂತಿ ತುಸು ಕೆಳಗೆ ಬಾಗಿರಲಿ.

ಹಾಡಿನ ವಿಷಯಕ್ಕೆ ಬಂದರೆ, ಕವಿತೆಯ ನಡೆ ನಾಲ್ಕು ಮಾತ್ರೆಯ ಗಣದ್ದು. ಆದಿತಾಳಕ್ಕೋ ಹಿಂದೂಸ್ತಾನಿಯ ಕೆಹರವಾ ತಾಳಕ್ಕೋ ತಾನಾಗಿ ಕೂರುವ ಸಾಲುಗಳನ್ನು ಬಿಟ್ಟು ಸಿನಿಮಾ ಮಟ್ಟಿಗೆ ಹೊಸ ಸಾಹಿತ್ಯ ತುರುಕುವುದೇಕೋ ತಿಳಿಯದು. ಐವತ್ತು ನಿಮಿಷದ ಆಟಕ್ಕೆ ಆರೇಳು ಹಾಡು ಧಾರಾಳ. ಇಲಿಗಳ ಮೆರವಣಿಗೆ ನಿಮಿಷಕ್ಕೆ 100 ಪೆಟ್ಟಿನಲ್ಲಿ ಸಾಗಲಿ. 120 ದಾಟಿದರೆ ಅಣ್ಣ, ತಮ್ಮ, ಮಾವ, ಭಾವ ಎಂದು ನೆಂಟಸ್ತಿಕೆ ಹಿಡಿದು ಬರುವ ಇಲಿಗಳ ಹೆಸರೇ ಕೇಳಿಸುವುದಿಲ್ಲ. ಮಕ್ಕಳ ಮೆರವಣಿಗೆಗೆ ಅದೇ ಮಟ್ಟನ್ನು 72ಕ್ಕೆ ಇಳಿಸಿ, ತಬಲಾ ಬಿಟ್ಟುಬಿಡಿ. ಹಿಂದುಳಿಯುವ ಕುಂಟ ಹುಡುಗನಿಗೆ ಹಾಡು ಬೇಡ.

ಕೈ ಮೇಲೆತ್ತಿ ಗೊಂಬೆ ಹಿಡಿದ ಮಗುವಿಗೆ ಉಸಿರು ಕಟ್ಟುತ್ತದೆ, ಎರಡು ಸಾಲಿಗಿಂತ ಹೆಚ್ಚು ಹಾಡಲಾಗದು. ಪಕ್ಕದಲ್ಲಿ ಆರು ಮಂದಿಯ ಮೇಳ ಕೂರಿಸಿ. ಉಪ್ಪಿನಕುದ್ರುವಿನ ಯಕ್ಷಗಾನ ಗೊಂಬೆಯಾಟದಲ್ಲೂ ಹಾಡು ಭಾಗವತರದು, ಕುಣಿತ ಸೂತ್ರ ಹಿಡಿದವರದು. ಮೊದಲೇ ಧ್ವನಿಮುದ್ರಿಸಿಟ್ಟ ಟ್ರ್ಯಾಕ್ ಅಂತೂ ಬೇಡವೇ ಬೇಡ. ಹಲಗೆ ಪರದೆಗೆ ಸಿಕ್ಕಿಕೊಂಡರೆ ಮೇಳದವರು ಕೊನೆಯ ಸಾಲನ್ನು ಮತ್ತೊಮ್ಮೆ ಎತ್ತಿಕೊಂಡು ಕಾಯುತ್ತಾರೆ, ಟ್ರ್ಯಾಕ್ ಕಾಯುವುದಿಲ್ಲ.

ಇಲಿಗಳು ಹೊಳೆಗೆ ಬೀಳುವುದನ್ನು ತೊಗಲುಗೊಂಬೆಯ ಕ್ರಮದಲ್ಲಿ ನೆರಳಾಗಿ ತೋರಿಸಿದರೆ ಚೆನ್ನ. ಬಿಳಿ ಪಂಚೆಯನ್ನು ಅಡ್ಡಲಾಗಿ ಬಿಗಿದು, 5 ಅಡಿ ಹಿಂದೆ ಒಂದೇ ಒಂದು ಬಲ್ಬು ಇಡಿ. ಎಲ್‌ಇಡಿ ಸರ ಹಾಕಿದರೆ ಒಂದು ಇಲಿಗೆ ಹತ್ತು ನೆರಳು. ರಟ್ಟಿನ ಇಲಿ ಬಟ್ಟೆಗೆ ಅಂಟಿಕೊಂಡೇ ಇರಬೇಕು, ಎರಡು ಇಂಚು ಹಿಂದೆ ಸರಿದರೂ ಅಂಚು ಮಸುಕಾಗುತ್ತದೆ. ಎತ್ತರ ಸಾಲದೆ ಎರಡು ಪಂಚೆ ಹೊಲಿದರೆ ನಡುವೆ ಹೊಲಿಗೆಯ ಗೆರೆ ಕಪ್ಪಗೆ ಕಾಣುತ್ತದೆ; ಅದನ್ನೇ ನೀರಿನ ಮಟ್ಟವೆಂದು ಬಳಸಿಕೊಳ್ಳಬಹುದು.

ಆಟ ಮುಗಿದ ಮೇಲೆ ಗೊಂಬೆಗಳನ್ನು ತಗಡಿನ ಟ್ರಂಕಿನಲ್ಲಿಡಿ. ಕಾಗದ ಮತ್ತು ಮೈದಾ ಅಂಟಿನಲ್ಲಿ ಮಾಡಿದ ತಲೆಗಳನ್ನು ಅಟ್ಟದಲ್ಲಿ ಬಿಟ್ಟರೆ ನಿಜವಾದ ಇಲಿಗಳೇ ತಿಂದು ಮುಗಿಸುತ್ತವೆ. ಹುಳು ಹಿಡಿಯದಿರಲೆಂದು ಅಂಟಿಗೆ ಮೈಲುತುತ್ತ ಬೆರೆಸುವ ರೂಢಿಯಿದೆ. ಅದು ವಿಷ, ಮಕ್ಕಳು ಮುಟ್ಟುವ ಗೊಂಬೆಗೆ ಬೇಡ.

ಇನ್ನು ಅನುಮತಿ. ಕುವೆಂಪು ತೀರಿಕೊಂಡದ್ದು 1994ರಲ್ಲಿ. ಲೇಖಕರ ನಂತರ 60 ವರ್ಷ ಕೃತಿಸ್ವಾಮ್ಯ ಉಳಿಯುವುದರಿಂದ 2054ರ ಕೊನೆಯವರೆಗೂ ಅದು ಜಾರಿಯಲ್ಲಿರುತ್ತದೆ. ಶಾಲೆಯ ಮಕ್ಕಳೂ ಶಿಕ್ಷಕರೂ ಆಡಿ, ಶಾಲೆಯವರು ಮತ್ತು ಪೋಷಕರಷ್ಟೇ ನೋಡುವ ಪ್ರದರ್ಶನಕ್ಕೆ 1957ರ ಕಾಯ್ದೆಯ 52ನೇ ಸೆಕ್ಷನ್ ವಿನಾಯಿತಿ ಕೊಡುತ್ತದೆ. ಟಿಕೆಟ್ ಇಟ್ಟು ಊರವರಿಗೆಲ್ಲ ತೋರಿಸುವುದಕ್ಕೂ ಯೂಟ್ಯೂಬಿಗೆ ಏರಿಸುವುದಕ್ಕೂ ಅದು ಅನ್ವಯಿಸದು. ಹಕ್ಕುದಾರರಿಗೆ ಪತ್ರ ಬರೆಯುವ ಕೆಲಸ ತಾಲೀಮು ಶುರುವಾಗುವ ಮೊದಲೇ ಆಗಲಿ. ಗೊಂಬೆ ಕಟ್ಟಿದ ಮೇಲಲ್ಲ.

– ಮಕ್ಕಳ ರಂಗಭೂಮಿಯ ಇಬ್ಬರು ಕಾರ್ಯಕರ್ತರು, ಶಿವಮೊಗ್ಗ