ಮುದ್ದೆಗೆ ರಾಗಿ ಕೊಟ್ಟವರಿಗೆ ನಮಸ್ಕಾರ

ಮಂಡ್ಯದ ಜಿಲ್ಲಾಸ್ಪತ್ರೆಗೆ ಬರುವ ರೋಗಿಗಳ ಜೊತೆಯವರಿಗೆ ಮಧ್ಯಾಹ್ನದ ಊಟ ಹಾಕಲೆಂದು 2005ರಲ್ಲಿ ಶುರುವಾದ ನಮ್ಮ ಸೇವಾ ಸಂಘಕ್ಕೆ ಇಪ್ಪತ್ತು ವರ್ಷ ತುಂಬಿತು. ಬಾಡಿಗೆ ಷೆಡ್ಡಿನಿಂದ ಒಲೆ, ಕೊಪ್ಪರಿಗೆ, ಹಿಟ್ಟಿನ ಕೋಲುಗಳೆಲ್ಲ ಕೊನೆಗೂ ಸ್ವಂತ ಅಡುಗೆಮನೆಗೆ ಬಂದಿವೆ. ಸಮಾರಂಭ ಬೇಡ, ಆ ದುಡ್ಡು ಬೇಳೆಗಾಗಲಿ ಎಂದು ಎಲ್ಲರೂ ಸೇರಿ ತೀರ್ಮಾನಿಸಿದೆವು. ಹಾಗಾಗಿ ವೇದಿಕೆಯ ಮೇಲೆ ಹೇಳಬೇಕಿದ್ದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ಆಗ ಮಂಡ್ಯದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇರಲಿಲ್ಲ. ಮರುವರ್ಷ ಮಿಮ್ಸ್ (ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ) ಆರಂಭವಾದ ಮೇಲೆ ನಾಗಮಂಗಲ, ಕೆ.ಆರ್. ಪೇಟೆ, ಮಳವಳ್ಳಿ ಕಡೆಯಿಂದ ಬರುವವರು ಹೆಚ್ಚಿದರು. ಒಳರೋಗಿಗೆ ಊಟ ಸಿಗುತ್ತದೆ. ಪಕ್ಕದಲ್ಲಿ ಕುಳಿತ ತಾಯಿಗೆ, ಹೆಂಡತಿಗೆ ಯಾರು ಕೊಡಬೇಕು? ಎಷ್ಟೋ ಹೆಂಗಸರು ಬಸ್ ಚಾರ್ಜಿನ ಕಾಸನ್ನು ಸೆರಗಿನ ತುದಿಗೆ ಗಂಟು ಹಾಕಿಟ್ಟುಕೊಂಡು, ರೋಗಿಯ ತಟ್ಟೆಯಲ್ಲಿ ಉಳಿದದ್ದನ್ನೇ ಉಂಡು ದಿನ ನೂಕುತ್ತಿದ್ದರು. ಇದನ್ನು ನೋಡಲಾರದೆ ‘ನೀವು ಊರಿನವರು ಏನಾದರೂ ಮಾಡಬಾರದೇ’ ಎಂದು ಕೇಳಿದವರು ವಾರ್ಡಿನ ನರ್ಸ್ ಒಬ್ಬರು. ಮೊದಲ ನಮಸ್ಕಾರ ಅವರಿಗೆ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಸಂಘ ಕಟ್ಟಲು ಕನಿಷ್ಠ ಏಳು ಜನ ಬೇಕು. ಆರು ಜನರಾಗಿದ್ದೆವು. ಏಳನೆಯವರಾಗಿ ಸಹಿ ಹಾಕಿದವರು ಟೀ ಅಂಗಡಿಯ ಯಜಮಾನರು. ಅವರ ಅಂಗಡಿಯ ಬೆಂಚೇ ನಮ್ಮ ಮೊದಲ ಕಚೇರಿ.

ನಮಗೆ ದೊಡ್ಡ ದಾನಿಗಳು ಸಿಗಲಿಲ್ಲ. ಸಿಗದಿದ್ದದ್ದೇ ಒಳ್ಳೆಯದಾಯಿತು ಎಂದು ಈಗ ದೃಢವಾಗಿ ಅನ್ನಿಸುತ್ತದೆ, ಏಕೆಂದರೆ ಅದರಿಂದಾಗಿ ಸಂಘ ನೂರಾರು ಮನೆಗಳದ್ದಾಯಿತು. ಸುಗ್ಗಿಯಲ್ಲಿ ಕಣದಿಂದಲೇ ರಾಗಿ ಅಳೆದು ಕೊಟ್ಟವರು, ಆಲೆಮನೆಯಿಂದ ಅಚ್ಚುಬೆಲ್ಲ ಕಳುಹಿಸಿದವರು, ಬಸ್ಸಾರಿಗೆಂದು ಸೊಪ್ಪಿನ ಕಂತೆ ತಂದು ಬಾಗಿಲಲ್ಲಿಟ್ಟು ಹೆಸರು ಹೇಳದೆ ಹೋದವರು, ನಿಮ್ಮನ್ನೆಲ್ಲ ಹೇಗೆ ಎಣಿಸಲಿ! ಮಳೆ ಕೈಕೊಟ್ಟು, ನಾಲೆಗೆ ನೀರು ಬಾರದೆ ಪೈರು ಒಣಗಿದ ವರ್ಷಗಳಲ್ಲಿ ನಿಮ್ಮನ್ನು ಕೇಳಲು ನಮಗೇ ಬಾಯಿ ಬರುತ್ತಿರಲಿಲ್ಲ. ಕೇಳದೆಯೇ ತಂದುಕೊಟ್ಟಿರಿ. 2016ರ ಸೆಪ್ಟೆಂಬರಿನಲ್ಲಿ ಕಾವೇರಿಗಾಗಿ ಹೆದ್ದಾರಿ ತಡೆ ನಡೆದಿದ್ದಾಗ ನಮ್ಮ ಊಟದ ಆಟೋ ಸಂಜಯ ವೃತ್ತದಲ್ಲಿ ಸಿಕ್ಕಿಕೊಂಡಿತು. ಕೊಪ್ಪರಿಗೆಯ ಮುಚ್ಚಳ ತೆಗೆದು ತೋರಿಸಿದೆವು. ಹಸಿರು ಶಾಲು ಹೊದ್ದ ಇಬ್ಬರು ಹಿರಿಯರು ಅಡ್ಡಲಾಗಿ ನಿಲ್ಲಿಸಿದ್ದ ಎತ್ತಿನಗಾಡಿಯನ್ನು ತಾವೇ ಎಳೆದು ಪಕ್ಕಕ್ಕಿಟ್ಟು, ಜನರ ನಡುವೆ ದಾರಿ ಮಾಡಿಕೊಂಡು ಆಟೋದ ಮುಂದೆ ನಡೆದು ಬಂದರು. ಹೊಟ್ಟೆಪಾಡಿನ ಚಳವಳಿಯಲ್ಲಿದ್ದವರು ಇನ್ನೊಬ್ಬರ ಹೊಟ್ಟೆಗೆ ತಡೆಯಾಗಲಿಲ್ಲ. ಆ ಇಬ್ಬರೂ ಈ ಬರಹವನ್ನು ಓದಲಿ ಎಂದು ಆಸೆ.

ಸಂಘವನ್ನು ನಿಜವಾಗಿ ಬೆಳೆಸಿದವರು ನಮ್ಮ ಲೆಕ್ಕದ ಮೇಷ್ಟ್ರು. ಬ್ಯಾಂಕಿನಿಂದ ನಿವೃತ್ತರಾಗಿ ಬಂದವರು, ಮೊದಲ ದಿನವೇ ಒಂದು ರಿಜಿಸ್ಟರ್ ತರಿಸಿದರು. ಒಂದು ಸೇರು ರಾಗಿ ಬಂದರೂ ಬರೆಯಬೇಕು, ಯಾರು, ಏಕೆ ಕೊಟ್ಟರೆಂದೂ ಬರೆಯಬೇಕು. ‘ರಾಗಿ, ಎರಡು ಸೇರು, ಮೊಮ್ಮಗನ ಕಾಲು ವಾಸಿಯಾದದ್ದಕ್ಕೆ.’ ‘ತೊಗರಿಬೇಳೆ, ಒಂದು ಕಿಲೋ, ಯಜಮಾನರ ತಿಥಿಯ ದಿನ.’ ನೀಲಿ ಶಾಯಿಯ ಆ ದುಂಡನೆಯ ಅಕ್ಷರಗಳಲ್ಲಿ ಇಪ್ಪತ್ತು ವರ್ಷದ ಮಂಡ್ಯವಿದೆ. ಪ್ರತಿ ವರ್ಷ ಲೆಕ್ಕಪರಿಶೋಧನೆ ಆಗಲೇಬೇಕೆಂದು ಪಟ್ಟು ಹಿಡಿದವರೂ ಅವರೇ. ಮುಂದೆ ದಾನಿಗಳಿಗೆ ಆದಾಯ ತೆರಿಗೆ ಕಾಯ್ದೆಯ 80ಜಿ ಕಲಮಿನಡಿ ತೆರಿಗೆ ವಿನಾಯಿತಿ ದೊರೆತದ್ದು ಆ ಪಟ್ಟಿನಿಂದ.

ಊಟಕ್ಕೆ ಬಂದವರು ಕಾಗದಗಳನ್ನೂ ತರತೊಡಗಿದರು. 2007ರಲ್ಲಿ ಸಂಧ್ಯಾ ಸುರಕ್ಷಾ ಯೋಜನೆ ಬಂದಾಗ ವಯಸ್ಸಾದವರಿಗೆ ಅರ್ಜಿ ಬರೆದುಕೊಡುವ ಕೆಲಸ ಸೇರಿಕೊಂಡಿತು. 2018ರಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಬಂತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯಿದೆ ಎಂದು ಗೋಡೆಯ ಮೇಲೆ ಬರೆದಿದ್ದರೂ, ಪಡಿತರ ಚೀಟಿ ಮನೆಯಲ್ಲೇ ಬಿಟ್ಟು ಬಂದವರಿಗೆ, ರೆಫರಲ್ ಪತ್ರ ಎಂದರೇನೆಂದು ತಿಳಿಯದವರಿಗೆ ಪಕ್ಕದಲ್ಲಿ ನಿಂತು ಹೇಳುವವರೊಬ್ಬರು ಬೇಕಾಗುತ್ತದೆ. ಕಾಲೇಜು ಮುಗಿಸಿ ಬಂದ ನಮ್ಮ ಹೆಣ್ಣುಮಕ್ಕಳು ಆ ಕೆಲಸ ಹಿಡಿದರು. ಸಿಟ್ಟಾಗದೆ, ಒಂದೇ ಮಾತನ್ನು ಹತ್ತು ಸಲ ಹೇಳುವ ಅವರ ತಾಳ್ಮೆ ನನಗಿಲ್ಲ. ಗಾಲಿಕುರ್ಚಿ, ವಾಕರ್, ನೀರಿನ ಹಾಸಿಗೆಗಳನ್ನು ಮನೆಗೆ ಎರವಲು ಕೊಡುವುದೂ ಹೀಗೆಯೇ ಒಂದೊಂದಾಗಿ ಬಂದು ಕೂಡಿಕೊಂಡಿತು.

2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಆದಾಗ ಸಾಲಿನಲ್ಲಿ ಕೂರಿಸಿ ಬಡಿಸುವಂತಿರಲಿಲ್ಲ, ಪೊಟ್ಟಣ ಕಟ್ಟಿದೆವು. ಅಡುಗೆಯ ಅಕ್ಕಂದಿರು ಷೆಡ್ಡಿನಲ್ಲೇ ಉಳಿದರು. ಮರುವರ್ಷದ ಎರಡನೇ ಅಲೆಯಲ್ಲಿ ಅವರಲ್ಲೊಬ್ಬರು ನಮ್ಮನ್ನು ಅಗಲಿದರು. ಹೊಸ ಅಡುಗೆಮನೆಯಲ್ಲಿ ಮೊದಲ ಒಲೆ ಹಚ್ಚಿದವರು ಅವರ ಮಗಳು. ಆ ಮನೆಯ ಋಣ ತೀರಿಸುವ ದಾರಿ ನಮಗೆ ಗೊತ್ತಿಲ್ಲ.

ನಮ್ಮನ್ನು ಒಳಗೆ ಬಿಟ್ಟುಕೊಂಡ ವೈದ್ಯರಿಗೆ, ಊಟ ಸಿಗುವ ಜಾಗವನ್ನು ಹೊಸಬರಿಗೆ ಕೈಹಿಡಿದು ತೋರಿಸುವ ಸ್ವಚ್ಛತಾ ಸಿಬ್ಬಂದಿಗೆ, ಡೀಸೆಲ್ ದುಡ್ಡು ಮುಟ್ಟದ ಆಟೋ ಚಾಲಕರಿಗೆ, ಹಬ್ಬದ ದಿನವೂ ಬಡಿಸಲು ಕಳುಹಿಸಿಕೊಟ್ಟ ನಮ್ಮ ನಮ್ಮ ಮನೆಯವರಿಗೆ ಕೈಮುಗಿಯುತ್ತೇನೆ. ಈ ಸುಗ್ಗಿಯಿಂದ ರಾತ್ರಿಯ ಊಟವನ್ನೂ ಶುರು ಮಾಡಬೇಕೆಂದಿದ್ದೇವೆ. ಹಿಟ್ಟು ತೊಳಸಲು ತೋಳಿನಲ್ಲಿ ಬಲವಿರುವ ನಾಲ್ಕು ಜನ ಬೇಕು. ಸಂಜೆ ಐದಕ್ಕೆ ಬನ್ನಿ.