ಎಲೆ ಬಲಿತ ಮೇಲೆ ಬರುವ ಔಷಧಿ ಯಾವ ಗಿಡಕ್ಕೆ? ತೋಟಗಾರಿಕೆ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ನಾವು ಕೇಳುತ್ತಿರುವುದು ಒಂದೇ: ಮಾವಿನ ಗಿಡ ಚಿಗುರೊಡೆಯುವ ಹೊತ್ತಿಗೆ ನಿಮ್ಮ ಸಿಬ್ಬಂದಿ ತೋಟದಲ್ಲಿರಲಿ. ವರ್ಷಗಟ್ಟಲೆ ಅರ್ಜಿ ಕೊಟ್ಟು ಸೋತು ಈಗ ಎಲ್ಲರೆದುರು ಬರೆಯುತ್ತಿದ್ದೇವೆ.

ಹಳೆಯ ಮರ ಹತ್ತು ಚಿಗುರು ಹೋದರೂ ತಾಳಿಕೊಳ್ಳುತ್ತದೆ. ನೆಟ್ಟು ಎರಡು ವರ್ಷವಾದ ಕಸಿ ಗಿಡದಲ್ಲಿ ಇರುವುದೇ ಆರೇಳು ಚಿಗುರು. ಅವಿಷ್ಟೂ ಹೋದರೆ ಗಿಡ ಮೇಲೇಳುವುದು ಹೇಗೆ? ಚಿಗುರು ಕೊರೆಯುವ ಹುಳು ಮೊದಲು ಎಳೆ ಎಲೆಯ ನಡುನರಕ್ಕೆ ಇಳಿದು, ಆಮೇಲೆ ಕುಡಿಯೊಳಗೆ ಸೇರಿಕೊಳ್ಳುತ್ತದೆ. ಒಳಗೆ ಸೇರಿದ ಹುಳುವಿಗೆ ಸಿಂಪಡಣೆ ಮುಟ್ಟುವುದು ಕಷ್ಟ. ಕುಡಿ ಬಾಡಿ ಜೋತಾಡಿದ ಮೇಲೆ ಉಳಿದ ದಾರಿ ಕತ್ತರಿಯೊಂದೇ: ಬಾಡಿದ ಜಾಗದಿಂದ ಎರಡು ಮೂರು ಇಂಚು ಕೆಳಗೆ ಕತ್ತರಿಸಬೇಕು, ಕಡ್ಡಿಯ ನಡುವೆ ತೂತು ಕಂಡರೆ ಇನ್ನೂ ಕೆಳಗೆ ಹೋಗಬೇಕು, ಕತ್ತರಿಸಿದ್ದನ್ನು ಸುಡಬೇಕು. ಔಷಧಿ ಕೆಲಸ ಮಾಡುವುದು ಅದಕ್ಕೂ ಮೊದಲು, ಚಿಗುರು ತಾಮ್ರ ಬಣ್ಣದಲ್ಲಿರುವಾಗ. ನಮ್ಮ ಕೈಗೆ ಔಷಧಿ ಸಿಗುವುದು ಎಲೆ ಕಡುಹಸಿರಾದ ಮೇಲೆ!

ಒಮ್ಮೆ ಗಿಡಗಳ ಬುಡದಲ್ಲಿ ಎಳೆ ಎಲೆಗಳು ರಾಶಿಯಾಗಿ ಬಿದ್ದಿದ್ದವು. ನೋಡಲು ಬಂದವರು "ಮೇಕೆ ಮೇಯ್ದಿದೆ, ಬೇಲಿ ಹಾಕಿ" ಎಂದು ಹೊರಟೇಬಿಟ್ಟರು. ಮೇಕೆ ಮೇಯ್ದರೆ ಎಲೆ ನೆಲದ ಮೇಲೆ ಉಳಿಯುತ್ತದೆಯೇ, ಸ್ವಾಮಿ? ತೊಟ್ಟಿನ ಕಡೆ ಕತ್ತರಿಯಲ್ಲಿ ಕತ್ತರಿಸಿದಷ್ಟು ನೇರವಾದ ಗೆರೆ, ನಡುನರದ ಮೇಲೆ ಸಣ್ಣ ಸಣ್ಣ ಚುಚ್ಚಿದ ಗುರುತು. ಅದು ಎಲೆ ಕತ್ತರಿಸುವ ಮೂತಿ ಹುಳು. ಎಲೆಯಲ್ಲಿ ಮೊಟ್ಟೆಯಿಟ್ಟು ಆ ಎಲೆಯನ್ನೇ ಕತ್ತರಿಸಿ ಕೆಡವುತ್ತದೆ. ಮರಿ ಬಿದ್ದ ಎಲೆಯೊಳಗೇ ಬೆಳೆದು ಮಣ್ಣಿಗಿಳಿದು ಕೋಶವಾಗುತ್ತದೆ. ಎಲೆ ಬೀಳುವಷ್ಟು ದಿನವೂ ಆರಿಸಿ ಸುಟ್ಟು, ಬುಡದ ಮಣ್ಣು ಸಡಿಲಿಸಿದ್ದರೆ ಮುಂದಿನ ಚಿಗುರು ಉಳಿಯುತ್ತಿತ್ತು. ಇಷ್ಟು ಹೇಳುವವರು ಒಬ್ಬರೂ ಇರಲಿಲ್ಲ. ಮುಂದಿನ ಚಿಗುರೂ ಹೋಯಿತು. ಆ ಸಂಕಟಕ್ಕೆ ಉತ್ತರ ಕೊಡುವವರು ಯಾರು?

ಕಾಂಡ ಕೊರೆಯುವ ಹುಳುವಿನದೂ ಇದೇ ಕಥೆ. ಕಾಂಡದ ತೂತಿನಿಂದ ಮರದ ಪುಡಿ ಉದುರಿದಾಗಲೇ ಕೊಕ್ಕೆ ತಂತಿ ಹಾಕಿ ಹುಳು ಎಳೆದು, ತೂತನ್ನು ಹಸಿಮಣ್ಣಿನಿಂದ ಮೆತ್ತಿದರೆ ಗಿಡ ಬದುಕುತ್ತದೆ. ತಡವಾದರೆ ಗಿಡ ನಿಂತಲ್ಲೇ ಒಣಗುತ್ತದೆ.

ಔಷಧಿ ಬರುವುದು ತಡವೆಂದರೆ ಬೇವಿನ ಬೀಜವನ್ನಾದರೂ ಮೊದಲೇ ಕೊಡಿಸಿ. ಲೀಟರಿಗೆ 50 ಗ್ರಾಂ ಬೀಜದ ಪುಡಿ ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಸೋಪು ನೀರು ಬೆರೆಸಿ ಸಂಜೆ ಸಿಂಪಡಿಸುತ್ತೇವೆ; ಬಿಸಿಲಿಗೆ ಅದರ ಸತ್ವ ಬೇಗ ಇಳಿಯುತ್ತದೆ. ಇಲಾಖೆಯಿಂದ ವಿತರಿಸುವ ಕಸಿ ಗಿಡಗಳ ಕುಡಿ, ಕಾಂಡ ನೋಡದೆ ಲಾರಿಗೆ ಹತ್ತಿಸುವುದನ್ನೂ ನಿಲ್ಲಿಸಿ.

ಗಿಡಗಳು ಮತ್ತೆ ಚಿಗುರುವ ಹೊತ್ತು ಹತ್ತಿರ ಬಂದಿದೆ. ಚಿಗುರು ತಾಮ್ರ ಬಣ್ಣದಲ್ಲಿರುವಾಗಲೇ ಸಿಬ್ಬಂದಿ ತೋಟಕ್ಕೆ ಬರಬೇಕೆಂದು ಈ ವಾರವೇ ಆದೇಶ ಹೊರಡಿಸಿ.

ಇಂತಿ,
ಮಾವು ಬೆಳೆಗಾರರು