ತರಗತಿಯ ಮೂಲೆಗೊಂದು ಎರೆಹುಳು ತೊಟ್ಟಿ ಬೇಕು

ಸಂಪಾದಕರೇ,

ನಮ್ಮ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ದಿನಾ ಬಿಸಿಯೂಟಕ್ಕೆ ತರಕಾರಿ ಹೆಚ್ಚುತ್ತಾರೆ. ಆ ಸಿಪ್ಪೆ, ಸೊಪ್ಪಿನ ದಂಟನ್ನು ಸುಮ್ನೆ ಎಸೆಯುವ ಬದಲು ತರಗತಿಯ ಮೂಲೆಯಲ್ಲೊಂದು ಟಬ್ಬು ಇಟ್ಟು, ಮಕ್ಕಳ ಕೈಯಲ್ಲೇ ಎರೆಗೊಬ್ಬರ ಮಾಡಿಸಬಹುದಲ್ವಾ?

ಖರ್ಚು ಜಾಸ್ತಿ ಏನಿಲ್ಲ. ತಳಕ್ಕೆ ತೂತು ಕೊರೆದ ಹಳೇ ಟಬ್ಬು, ತೆಂಗಿನ ನಾರು, ಒಣಗಿದೆಲೆ, ಸ್ವಲ್ಪ ಹಳೇ ಸಗಣಿ ಸಾಕು. ಆದರೆ ಹೊಲದಲ್ಲಿ ಸಿಕ್ಕ ಹುಳು ತಂದು ಬಿಟ್ಟರೆ ಆಗುವುದಿಲ್ಲ, ಅವುಗಳಲ್ಲಿ ಹೆಚ್ಚಿನವು ಮಣ್ಣಿನೊಳಗೆ ಬಿಲ ಕೊರೆದು ಬದುಕುವ ಜಾತಿ. ಕಸ ತಿಂದು ಬೇಗ ಗೊಬ್ಬರ ಮಾಡುವುದು ಮೇಲ್ಪದರದಲ್ಲಿರುವ ಐಸೀನಿಯಾ ಫೆಟಿಡಾ, ಯೂಡ್ರಿಲಸ್ ಯೂಜೀನಿಯೆ ಥರದವು. ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ಉಪ್ಪು, ಎಣ್ಣೆ ಬಿದ್ದ ಸಾರನ್ನ, ನಿಂಬೆ ಸಿಪ್ಪೆ ಮಾತ್ರ ಹಾಕಬಾರದು. ಗಬ್ಬು ವಾಸನೆ ಬಂದರೆ ನೀರೋ ಕಸವೋ ಜಾಸ್ತಿಯಾಗಿರುತ್ತದೆ, ಒಣ ಎಲೆ ಬೆರೆಸಿದರೆ ಸರಿಹೋಗುತ್ತದೆ.

ಮೂರನೇ ಕ್ಲಾಸಿನ ಮಗು ಭೂತಗನ್ನಡಿ ಹಿಡಿದು ನೋಡಲಿ. ಜೋಳದ ಕಾಳಿನಷ್ಟು ಚಿಕ್ಕ ಮೊಟ್ಟೆಗೂಡು ಕಾಣುತ್ತದೆ, ಅದರಿಂದ ಬೆಳ್ಳಗಿನ ತೆಳ್ಳನೆ ಮರಿಗಳು ಹೊರಬರುತ್ತವೆ. ಹುಳುವಿಗೆ ಕಣ್ಣಿಲ್ಲ, ಆದರೂ ಬೆಳಕು ಬಿದ್ದ ತಕ್ಷಣ ಒಳಗೆ ಸರಿಯುತ್ತದೆ. ಶ್ವಾಸಕೋಶವಿಲ್ಲ, ಚರ್ಮದಲ್ಲೇ ಉಸಿರಾಡುತ್ತದೆ, ಅದಕ್ಕೇ ಹಾಸು ಯಾವಾಗಲೂ ಒದ್ದೆಯಾಗಿರಬೇಕು. ಇದನ್ನೆಲ್ಲ ಬೋರ್ಡಿನ ಮೇಲೆ ಬರೆದು ಬಾಯಿಪಾಠ ಮಾಡಿಸುವುದು ನೋಡಿದರೆ ನಿಜಕ್ಕೂ ಬೇಸರವಾಗುತ್ತದೆ.

ಕಷ್ಟ ಇರುವುದು ಬೇಸಿಗೆ ರಜೆಯಲ್ಲಿ. ನೀರು ಚಿಮುಕಿಸುವವರಿಲ್ಲದಿದ್ದರೆ ಹುಳುಗಳೆಲ್ಲ ಒಣಗಿ ಸಾಯುತ್ತವೆ. ಆ ರಜೆಯ ಜವಾಬ್ದಾರಿಯನ್ನು ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿಯವರು ವಹಿಸಿಕೊಳ್ಳಲಿ, ಮೇಷ್ಟ್ರ ತಲೆಗೆ ಇನ್ನೊಂದು ಹೊರೆ ಬೇಡ.

– ಒಬ್ಬ ಪೋಷಕರು, ತಿಪಟೂರು